ಮಂಜು, ಬೇಲಿ ಮತ್ತೆ ಒಬ್ಬ ಇಟಲಿ ಕವಿ

ಪ್ರಶ್ನೆ: ನನ್ನ ಮಗಳು ಲಿಯೋಪಾರ್ಡಿ ಅನ್ನೋ ಇಟಲಿ ಕವಿ ಪುಸ್ತಕ ಹಿಡ್ಕೊಂಡು ಕೂತಿದಾಳೆ. ಬರೀ ದುಃಖವಂತೆ. ಹೊರಗೆ ನೋಡಿದ್ರೆ ಹದಿನೈದು ದಿನದಿಂದ ಬಿಡದ ಮಳೆ, ಮನೆ ಒಳಗೂ ಇದೇ ಗೋಳು ಬೇಕಾ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಬೈಬೇಡಿ ಅಮ್ಮಾ, ಆ ಹುಚ್ಚು ನಂಗೂ ಇದೆ. ಜಾಕೊಮೊ ಲಿಯೋಪಾರ್ಡಿ ಹುಟ್ಟಿದ್ದು 1798ರಲ್ಲಿ, ರೆಕನಾಟಿ ಅಂತ ಗುಡ್ಡದ ಮೇಲಿನ ಸಣ್ಣ ಊರು. ಅಪ್ಪನ ಲೈಬ್ರರಿಲಿ ಏಳು ವರ್ಷ ಹಗಲೂ ರಾತ್ರಿ ಓದಿ ಗ್ರೀಕು ಹೀಬ್ರೂ ಎಲ್ಲಾ ತಾನೇ ಕಲ್ತ, ಅಷ್ಟೊತ್ತಿಗೆ ಬೆನ್ನು ಗೂನಾಗಿ ಕಣ್ಣೂ ಕೈಕೊಡ್ತು. 1819ರಲ್ಲಿ ಮನೆ ಬಿಟ್ಟು ಓಡಿಹೋಗಕ್ಕೆ ನೋಡಿದ, ಅಪ್ಪಂಗೆ ಗೊತ್ತಾಗಿ ಅದೂ ಕೆಟ್ಟೋಯ್ತು. ಗೋಳಾಡಕ್ಕೆ ಕಾರಣ ಇತ್ತು ಮಾರಾಯ್ರೆ.

ಆದ್ರೆ ಅದೇ ವರ್ಷ 'ಅನಂತ' ಅಂತ ಒಂದು ಪದ್ಯ ಬರೆದ, 15 ಸಾಲು ಅಷ್ಟೇ. ಗುಡ್ಡದ ಮೇಲೊಂದು ಗಿಡದ ಬೇಲಿ, ಅದು ದೂರದ ದಿಗಂತಾನ ಮರೆಮಾಡುತ್ತೆ, ಕಾಣಲ್ಲ ಅನ್ನೋ ಕಾರಣಕ್ಕೇ ಅದರಾಚೆ ಕೊನೆಯಿಲ್ಲದ ಬಯಲು ಮನಸ್ಸಲ್ಲಿ ಬಿಚ್ಕೊಳ್ಳುತ್ತೆ, ಆ ಕಡಲಲ್ಲಿ ಮುಳುಗೋದೇ ಹಿತ ಅಂತ ಮುಗಿಸ್ತಾನೆ. ಮಳೆಗಾಲದಲ್ಲಿ ಆಗುಂಬೆ ಸೂರ್ಯಾಸ್ತದ ಕಟ್ಟೆ ಹತ್ರ ನಿಂತಿದೀರಾ? ಬಂದೋರೆಲ್ಲ ಏನೂ ಕಾಣ್ಲಿಲ್ಲ, ಪೆಟ್ರೋಲ್ ದಂಡ ಅಂತ ಬೈಕೊಂಡು ಹೋಗ್ತಾರೆ. ನಾನೊಮ್ಮೆ ಅಲ್ಲೇ ನಿಂತಿದ್ದೆ, ಕಂಬಿ ಮೇಲಿನ ನೀರು ಅಂಗಿ ತೋಳೊಳಗೆ ಇಳೀತಾ ಇತ್ತು, ಮುಂದೆ ಬರೀ ಬಿಳಿ, ಕೆಳಗೆ ಎಲ್ಲೋ ಘಾಟಿ ತಿರುವಲ್ಲಿ ಒಂದು ಬಸ್ಸಿನ ಹಾರನ್ನು. ಕಣಿವೆ ಪೂರ್ತಿ ಕಂಡ ದಿನಕ್ಕಿಂತ ಅವತ್ತೇ ದೊಡ್ಡದು ಅನ್ಸಿತ್ತು.

ತತ್ವಜ್ಞಾನಿಯಾಗಿ ಮಾತ್ರ ಮುಲಾಜಿಲ್ಲ ಅವನಿಗೆ. ಪ್ರಕೃತಿಗೆ ನಮ್ಮ ಸುಖದುಃಖ ಯಾವ ಲೆಕ್ಕಕ್ಕೂ ಇಲ್ಲ ಅಂತಾನೆ, ಪ್ರಕೃತಿಯನ್ನ ತಾಯಿ ಅಂತ ಬರೆಯೋ ನಮ್ಮ ಕವಿಗಳಿಗೆ ಇದು ಸ್ವಲ್ಪ ಉರಿಬಹುದು. ಆದ್ರೆ ವೆಸುವಿಯಸ್ ಜ್ವಾಲಾಮುಖಿ ಬುಡದಲ್ಲಿ ಕೂತು 1836ರಲ್ಲಿ ಬರೆದ ಪದ್ಯದಲ್ಲಿ, ಅದಕ್ಕೇ ಮನುಷ್ಯರು ತಮ್ಮತಮ್ಮಲ್ಲಿ ಕಚ್ಚಾಡದೆ ಒಟ್ಟಿಗೆ ನಿಲ್ಬೇಕು ಅಂತಾನೆ. ಮರುವರ್ಷ ನೇಪಲ್ಸಲ್ಲಿ ತೀರ್ಕೊಂಡ, 38 ವರ್ಷಕ್ಕೆ.

ನಿಮಗೆ ಅಂತ ಹೇಳೋದಾದ್ರೆ 1829ರದ್ದು ಒಂದಿದೆ, ಬಿರುಗಾಳಿ ಆದ್ಮೇಲಿನ ಶಾಂತಿ ಬಗ್ಗೆ. ಮಳೆ ಬಿಟ್ಟ ಕೂಡ್ಲೇ ಕೋಳಿ ವಾಪಸ್ ಬೀದಿಗೆ ಬಂದು ಕೊಕ್ಕೊಕ್ಕೋ ಅನ್ನುತ್ತೆ, ಕೆಲಸದೋನು ಕೈಯಲ್ಲಿದ್ದ ಕೆಲಸ ಹಿಡ್ಕೊಂಡೇ ಹಾಡ್ತಾ ಬಾಗಿಲಿಗೆ ಬಂದು ಒದ್ದೆ ಆಕಾಶ ನೋಡ್ತಾನೆ. ಸುಖ ಅಂದ್ರೆ ಕಷ್ಟದ ಮಗು ಅಂತ ಅಲ್ಲೇ ಹೇಳ್ತಾನೆ. ಒಂಚೂರು ಹೊಳವಾದಾಗ ಜಗಲಿ ಮೇಲೆ ಕೂತು ಮಗಳ ಹತ್ರ ಅದನ್ನ ಓದಿಸ್ಕೊಳಿ, ನಿಮ್ಮನೆ ಕೋಳಿನೂ ಅಷ್ಟೊತ್ತಿಗೆ ಅಂಗಳಕ್ಕೆ ಇಳಿದಿರುತ್ತೆ.