ಹೀಟರ್ ಹಾಕಿಕೊಂಡು ಮಲಗಬಹುದಾ?

ಪ್ರಶ್ನೆ: ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟದ ಪಾರ್ಕಿಗೆ ಒಬ್ಬನೇ ಹೋಗಿ ಎರಡು ರಾತ್ರಿ ಕಾರಿನಲ್ಲೇ ಮಲಗಬೇಕು ಅಂತಿದ್ದೇನೆ. ರಾತ್ರಿ ಮೈನಸ್ 10 ಡಿಗ್ರಿ ಆಗಬಹುದಂತೆ. ಕಿಟಕಿ ಪೂರ್ತಿ ಮುಚ್ಚಿ, ಎಂಜಿನ್ ಆನ್ ಇಟ್ಟು ಹೀಟರ್ ಹಾಕಿಕೊಂಡರೆ ಸಾಕಲ್ವಾ? ದಪ್ಪ ಕಂಬಳಿಗಳೂ ಇವೆ.

ಉತ್ತರ: ದಯವಿಟ್ಟು ಹಾಗೆ ಮಲಗಬೇಡಿ. ರಾತ್ರಿಯಿಡೀ ಹಿಮ ಬಿದ್ದರೆ, ಇಲ್ಲವೇ ಗಾಳಿ ಹಿಮವನ್ನು ತಂದು ಕಾರಿನ ಹಿಂದೆ ಗುಡ್ಡೆ ಹಾಕಿದರೆ, ಸೈಲೆನ್ಸರ್ ಬಾಯಿ ಮುಚ್ಚಿಹೋಗುತ್ತದೆ. ಆಗ ಹೊಗೆ ಕಾರಿನ ಅಡಿಯಲ್ಲೇ ತುಂಬಿಕೊಂಡು ಸಂದುಗಳಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟು ಜಾಸ್ತಿ ಗಟ್ಟಿಯಾಗಿ ಈ ಅನಿಲವನ್ನೇ ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದರೆ ತಲೆನೋವೋ ವಾಕರಿಕೆಯೋ ಬಂದು ಏನೋ ಸರಿಯಿಲ್ಲ ಅನ್ನಿಸೀತು, ನಿದ್ದೆಯಲ್ಲಿದ್ದರೆ ಅದೂ ಇಲ್ಲ. ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಹೀಟರ್ ಬೇಕೆನಿಸಿದರೆ ಮೊದಲು ಇಳಿದು ಹೋಗಿ ಸೈಲೆನ್ಸರ್ ಸುತ್ತಲಿನ ಹಿಮ ತೆಗೆಯಿರಿ, ಮಲಗುವ ಮುಂಚೆ ಎಂಜಿನ್ ಆಫ್ ಮಾಡಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಲೆ ಹತ್ತಿರ ಇರಲಿ.

ಕಿಟಕಿ ಮುಚ್ಚಿದರೆ ಬೆಚ್ಚಗಿರುತ್ತದೆ ಅಂತ ನಾನೂ ಮೊದಲ ಸಲ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದಾಗ ಗಾಜಿನ ಒಳಮೈ ತುಂಬಾ ಉಪ್ಪು ಎರಚಿದ ಹಾಗೆ ಬಿಳಿ ಪದರ. ಅದೆಲ್ಲ ನನ್ನದೇ ಉಸಿರು! ಬಿಸಿಲು ತಾಗಿದ್ದೇ ತಡ, ಕರಗಿ ತೊಟತೊಟ ಅಂತ ಮುಖದ ಮೇಲೆ, ಸ್ಲೀಪಿಂಗ್ ಬ್ಯಾಗಿನ ಮೇಲೆ ಬಿತ್ತು. ಒದ್ದೆಯಾದ ಹಾಸಿಗೆಯಲ್ಲಿ ಎರಡನೇ ರಾತ್ರಿ ಕಳೆಯುವುದು ಬಲು ಕಷ್ಟ. ಎದುರುಬದುರು ಎರಡು ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸಿಡಿ. ಬ್ಯಾಗಿನೊಳಗೆ ಮುಖ ಮುಚ್ಚಿಕೊಂಡು ಉಸಿರು ಬಿಡಬೇಡಿ, ಟೋಪಿ ಹಾಕಿಕೊಂಡು ಮೂಗು ಹೊರಗಿಡಿ.

ನಿಜವಾದ ಚಳಿ ಬರುವುದು ಕೆಳಗಿನಿಂದ. ನಿಮ್ಮ ಕಂಬಳಿ ಮೈಭಾರಕ್ಕೆ ಅಪ್ಪಚ್ಚಿಯಾಗಿ, ಒಳಗೆ ಗಾಳಿಯೇ ಉಳಿಯದೆ, ಅಡಿಯಲ್ಲಿ ಏನೂ ಇಲ್ಲದಂತಾಗುತ್ತದೆ. ಫೋಮ್ ಮ್ಯಾಟ್ ಹಾಸಿ, ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಕಿ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ‘ಕಂಫರ್ಟ್’ (ಆರಾಮಾಗಿ ನಿದ್ದೆ ಬರುವ ತಾಪಮಾನ) ಅಂತ ಬರೆದಿರುವ ಸಂಖ್ಯೆ ನೋಡಿ, ‘ಲಿಮಿಟ್’ (ಮುದುಡಿಕೊಂಡು ಹೇಗೋ ತಡೆದುಕೊಳ್ಳಬಹುದಾದ ತಾಪಮಾನ) ಅಲ್ಲ. ಮೈನಸ್ 10ರ ರಾತ್ರಿಗೆ ಕಂಫರ್ಟ್ ಮೈನಸ್ 15 ಇದ್ದರೆ ನೆಮ್ಮದಿ. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಸೇರಿಸಿ, ತೊಡೆಗಳ ನಡುವೆ ಇಟ್ಟುಕೊಳ್ಳಿ. ನಡುರಾತ್ರಿ ಮೂತ್ರಕ್ಕೆ ಅವಸರವಾದರೆ ಚಳಿ ಅಂತ ತಡೆದುಕೊಂಡು ಮಲಗಬೇಡಿ, ಸುಮ್ನೆ ನಿದ್ದೆ ಕೆಡುತ್ತದೆ ಅಷ್ಟೆ.

ಇನ್ನು ಕಾರು. ಪಾರ್ಕಿನವರು ರಾತ್ರಿ ತಂಗಲು ಬಿಡುವ ಜಾಗದಲ್ಲೇ ನಿಲ್ಲಿಸಿ, ಕಡಿದಾದ ಇಳಿಜಾರಿನ ಬುಡದಲ್ಲಿ ಮಾತ್ರ ಬೇಡ. ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ಸಮತಟ್ಟಾದ ಕಡೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಸಲಿಕೆಯನ್ನು ಡಿಕ್ಕಿಯಲ್ಲಿಡದೆ ನಿಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ, ಬೆಳಿಗ್ಗೆ ಡಿಕ್ಕಿ ಬಾಗಿಲೇ ಹಿಮದಡಿ ಇರಬಹುದು. ಎಲ್ಲಿ ನಿಲ್ಲಿಸುತ್ತೀರಿ, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಯಾರಿಗೆ ತಿಳಿಸಬೇಕು, ಇದಿಷ್ಟನ್ನೂ ಮನೆಯವರೊಬ್ಬರ ಹತ್ತಿರ ಬರೆದು ಕೊಟ್ಟು ಹೋಗಿ. ಒಬ್ಬರೇ ಹೋಗುವವರು ಇದನ್ನು ಬಿಡಲೇಬಾರದು.

ಪ್ರಶ್ನೆ: ಹಿಮದಲ್ಲಿ ನನ್ನ ಚಿಕ್ಕ ಗ್ಯಾಸ್ ಒಲೆ ಮಿಣಿಮಿಣಿ ಉರಿದು ಆರಿಹೋಗುತ್ತದೆ. ಡಬ್ಬಿಯಲ್ಲಿ ಗ್ಯಾಸ್ ಇದೆ. ಒಲೆ ಕೆಟ್ಟಿದೆಯಾ?

ಉತ್ತರ: ಒಲೆ ಸರಿಯಾಗಿಯೇ ಇರಬಹುದು. ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದು ದ್ರವವಾಗೇ ಉಳಿಯುತ್ತದೆ, ಆವಿಯಾಗಿ ಮೇಲೆ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಾಗಿ ಪ್ರೊಪೇನ್ ಬೆರೆಸಿದ ಚಳಿಗಾಲದ ಡಬ್ಬಿ ಕೊಳ್ಳಿ. ಹಚ್ಚುವ ಮುಂಚೆ ಡಬ್ಬಿಯನ್ನು ಜಾಕೆಟ್ಟಿನೊಳಗೆ ಹತ್ತು ನಿಮಿಷ ಇಟ್ಟುಕೊಂಡು, ಒಲೆಯ ಅಡಿಗೆ ಮರದ ಹಲಗೆ ಕೊಡಿ. ಅಡುಗೆ ಮಾತ್ರ ಕಾರಿನ ಹೊರಗೇ ಆಗಲಿ, ಎಷ್ಟೇ ಚಳಿಯಿದ್ದರೂ.