ಗೆರೆ ಅಳಿಸಿ, ಸ್ವಾಮಿ

ಓದುಗರ ಪತ್ರ: “ಕಾರು, ಬಸ್ಸು ಎಲ್ಲ ಬ್ಯಾಟರಿಗೆ ಬಂದವು. ವಿಮಾನ ಮಾತ್ರ ಯಾಕೆ ಇನ್ನೂ ಎಣ್ಣೆ ಕುಡಿಯುತ್ತಿದೆ? ವಿಜ್ಞಾನಿಗಳು ನಿದ್ದೆ ಮಾಡ್ತಿದ್ದಾರಾ? ನನ್ನ ಕನಸಿನ ಬ್ಯಾಟರಿ ವಿಮಾನದ ಚಿತ್ರ ಜೊತೆಗಿದೆ.”

ಸಂಪಾದಕರ ಉತ್ತರ: ಚಿತ್ರ ಚೆನ್ನಾಗಿದೆ. ವಿಜ್ಞಾನಿಗಳೂ ಎದ್ದೇ ಇದ್ದಾರೆ. ಎರಡು ಸೀಟಿನ ವೆಲಿಸ್ ಎಲೆಕ್ಟ್ರೋ ವಿಮಾನಕ್ಕೆ 2020ರಲ್ಲೇ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ಹಾರಾಟ ಕಲಿಯುವವರಿಗೆ ಅದು ಸಾಕು. ಇನ್ನೂರು ಜನರನ್ನು ಹೊರಬೇಕೆಂದರೆ ತೂಕ ಅಡ್ಡ ಬರುತ್ತದೆ. ಒಂದು ಕಿಲೋ ವಿಮಾನದ ಎಣ್ಣೆಯಲ್ಲಿ ಸುಮಾರು 12 ಯೂನಿಟ್ ಶಕ್ತಿ, ಒಂದು ಕಿಲೋ ಬ್ಯಾಟರಿಯಲ್ಲಿ ಕಾಲು ಯೂನಿಟ್. ಎಣ್ಣೆ ಉರಿದಂತೆ ವಿಮಾನ ಹಗುರಾಗುತ್ತದೆ. ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ! ಎಣ್ಣೆಯ ಬದಲು ಜಲಜನಕ ಉರಿಸೋಣ ಎಂದರೆ, ಅದನ್ನು ದ್ರವ ಮಾಡಲು ಮೈನಸ್ 253 ಡಿಗ್ರಿ ಬೇಕು. 2035ಕ್ಕೆ ಜಲಜನಕದ ವಿಮಾನ ಎಂದಿದ್ದ ಏರ್‌ಬಸ್ ಈಗ ಆ ಗಡುವನ್ನು ಮುಂದೂಡಿದೆ.

ಇಷ್ಟು ಹೇಳಿ ನನ್ನ ಹುಚ್ಚಿಗೆ ಬರುತ್ತೇನೆ. ವಿಮಾನದ ಹಿಂದಿನ ಬಿಳಿ ಗೆರೆಯನ್ನು ಸುಮ್ನೆ ನಿಂತು ನೋಡಿದ್ದೀರಾ? ಕೆಲವು ಗೆರೆಗಳು ನಿಮಿಷದೊಳಗೆ ಮಾಯವಾಗುತ್ತವೆ. ಕೆಲವು ಹಿಂಜಿದ ಹತ್ತಿಯ ಹಾಗೆ ಹರಡಿ ಗಂಟೆಗಟ್ಟಲೆ ಉಳಿಯುತ್ತವೆ. ಎಂಜಿನ್ನಿನ ನೀರಾವಿ ಮಸಿಯ ಕಣಗಳ ಮೇಲೆ ಹೆಪ್ಪುಗಟ್ಟಿ ಆಗುವ ಮಂಜಿನ ಹರಳುಗಳು ಅವು. ಮೇಲಿನ ಗಾಳಿ ತಣ್ಣಗೆ, ತೇವವಾಗಿದ್ದರೆ ಬೇಗ ಕರಗುವುದಿಲ್ಲ. ಹಗಲು ಒಂದಿಷ್ಟು ಬಿಸಿಲನ್ನಾದರೂ ಹಿಂದಕ್ಕೆ ತಳ್ಳುತ್ತವೆ. ರಾತ್ರಿ ಭೂಮಿಯ ಶಾಖಕ್ಕೆ ಕಂಬಳಿ ಹೊದಿಸುವುದಷ್ಟೇ, ಭೂಮಿ ಇನ್ನಷ್ಟು ಬಿಸಿಯಾಗುತ್ತದೆ. ತಮಾಷೆ ಏನೆಂದರೆ, ಜಾಸ್ತಿ ಹಾನಿ ಮಾಡುವುದು ಎಲ್ಲ ವಿಮಾನಗಳೂ ಅಲ್ಲ, ಕೆಲವೇ ಹಾರಾಟಗಳು. ಆ ತೇವದ ಪದರ ತಪ್ಪಿಸಿ ಕೊಂಚ ಮೇಲೆ ಅಥವಾ ಕೆಳಗೆ ಹಾರಿದರಾಯಿತು.

ಗೂಗಲ್ ಮತ್ತು ಅಮೆರಿಕನ್ ಏರ್‌ಲೈನ್ಸ್ 70 ಹಾರಾಟಗಳಲ್ಲಿ ಇದನ್ನೇ ಮಾಡಿ ನೋಡಿದವು. 2023ರಲ್ಲಿ ಫಲಿತಾಂಶ ಬಂತು: ಗೆರೆ 54% ಕಡಿಮೆ. ದಾರಿ ಬದಲಿಸಿದ ವಿಮಾನಗಳಿಗೆ 2% ಎಣ್ಣೆ ಜಾಸ್ತಿ ಹಿಡಿಯಿತು, ಒಪ್ಪುತ್ತೇನೆ. ಆದರೆ ಹೊಸ ವಿಮಾನ ಬೇಡ, ಹೊಸ ಎಣ್ಣೆ ಬೇಡ. ಹವೆಯ ಸರಿಯಾದ ಅಂದಾಜು ಬೇಕು, ಅಷ್ಟೇ.

ಇಂಥ ಕೆಲಸಕ್ಕೆ ರಿಬ್ಬನ್ ಕತ್ತರಿಸುವವರು ಬರುವುದಿಲ್ಲ ನೋಡಿ. ಫೋಟೋ ಹೇಗೆ ತೆಗೀತೀರಿ, ಮೂಡದೇ ಹೋದ ಗೆರೆಯದು? ನಾವೇನು ಕಡಿಮೆಯಲ್ಲ. ಬ್ಯಾಟರಿ ವಿಮಾನ ನಮ್ಮ ಮುಖಪುಟಕ್ಕೆ ಬಂದಿತ್ತು. ಈ ಪ್ರಯೋಗಕ್ಕೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕಿತು, ಅದೂ ಜಾಹೀರಾತು ಬಾರದೆ ಜಾಗ ಉಳಿದದ್ದಕ್ಕೆ.

ಅಂದ ಹಾಗೆ, ನಿಮ್ಮ ಚಿತ್ರದಲ್ಲಿ ವಿಮಾನದ ಹಿಂದೆ ಉದ್ದಕ್ಕೆ ಬಿಳಿ ಗೆರೆ ಎಳೆದಿದ್ದೀರಿ. ಬ್ಯಾಟರಿಗೆ ಹೊಗೆಯೂ ಇಲ್ಲ, ಆವಿಯೂ ಇಲ್ಲ. ಅಳಿಸಿಬಿಡಿ. ಜಲಜನಕದ ವಿಮಾನ ಬರೆದರೆ ಬೇಕಾದರೆ ಇಟ್ಟುಕೊಳ್ಳಿ, ಅದು ಉರಿದರೆ ಬರುವುದೇ ನೀರಾವಿ.