ಪ್ರೈಮರಿಯಲ್ಲಿ ನಮ್ಮ ಪಕ್ಷದ ಯಾರೂ ಹಿಡಿಸದಿದ್ದರೆ ವೋಟ್ ಹಾಕದೆ ಇರಬಹುದಾ?

ನಿಂತವರಲ್ಲಿ ಒಬ್ಬರೂ ಹಿಡಿಸ್ತಿಲ್ಲ, ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸೋ ಮೊದಲ ಸುತ್ತು) ಬಿಟ್ಟು ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಹೇಗೂ ರಿಪಬ್ಲಿಕನ್ನರಿಗೇ ಹಾಕ್ತೀನಿ ಅಂದಿದ್ದೀರಿ. ನೀವೂ ಟೆಕ್ಸಾಸ್‌ನವರು ಅಂತ ಬರೆದಿದ್ದರಿಂದ ಹೇಳ್ತಿದ್ದೀನಿ.

2016ರಲ್ಲಿ ನಾನೂ ಹ್ಯೂಸ್ಟನ್‌ನಲ್ಲಿ ಕೂತು ಇದೇ ಮಾತಾಡುತ್ತಿದ್ದೆ. ಪೌರತ್ವ ಸಿಕ್ಕಿ ಎರಡು ವರ್ಷ, ಅದೇ ನನ್ನ ಮೊದಲ ಪ್ರೈಮರಿ, ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸೋದು. ನಮ್ಮಪ್ಪ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ನಡೆಸಿದವರು, ಸಾಲ ಅಂದರೆ ಅವರಿಗೆ ಆಗುತ್ತಿರಲಿಲ್ಲ. ನನಗೂ ಅಷ್ಟೇ, ಸರ್ಕಾರ ಕೈ ಬಿಗಿ ಹಿಡಿದು ಖರ್ಚು ಮಾಡಬೇಕು, ಆಳುವವರ ಮಾತಿಗೆ ತೂಕ ಇರಬೇಕು. ಟ್ರಂಪ್ ಮಾತು ಕೇಳಿದರೆ ಕಸಿವಿಸಿ. ಕ್ರೂಜ್ ನಮ್ಮ ರಾಜ್ಯದವರೇ, ಆದರೆ 2013ರಲ್ಲಿ ಸರ್ಕಾರದ ಕಚೇರಿಗಳೇ ಬಾಗಿಲು ಹಾಕುವ ತನಕ ಹಟ ಹಿಡಿದವರು. ರುಬಿಯೊ ಇನ್ನೂ ಎಳಸು ಅನ್ನಿಸಿತು. ಫ್ಲೋರಿಡಾದಲ್ಲಿ ಎಂಟು ವರ್ಷ ಗವರ್ನರ್ ಆಗಿದ್ದ ಜೆಬ್ ಬುಷ್ ಒಬ್ಬರೇ ಪರವಾಗಿಲ್ಲ ಅನ್ನಿಸಿದ್ದು.

ಇಲ್ಲೇ ನಾನು ಎಡವಿದ್ದು. ಆ ವರ್ಷ ಟೆಕ್ಸಾಸ್ ಪ್ರೈಮರಿ ಮಾರ್ಚ್ 1ಕ್ಕೆ ಇತ್ತು. ಅರ್ಲಿ ವೋಟಿಂಗ್, ಅಂದರೆ ಆ ದಿನಕ್ಕಿಂತ ಮೊದಲೇ ವೋಟ್ ಹಾಕೋ ಅವಕಾಶ, ಫೆಬ್ರವರಿ 16ಕ್ಕೆ ಶುರುವಾಗಿ 26ಕ್ಕೆ ಮುಗಿಯುತ್ತಿತ್ತು. ನಾನು 16ನೇ ತಾರೀಖು ಮಂಗಳವಾರ, ಮೊದಲ ದಿನವೇ ಹೋದೆ. ಕ್ಯೂ ಇರಲ್ಲ, ಈ ತಲೆನೋವು ಮುಗಿದುಹೋಗಲಿ ಅಂತ, ಅಷ್ಟೇ ಕಾರಣ. ಆಗ ಹ್ಯೂಸ್ಟನ್ ಇರೋ ಹ್ಯಾರಿಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ಜಿಲ್ಲೆ ಥರ) ಇ-ಸ್ಲೇಟ್ ಅನ್ನೋ ವೋಟಿಂಗ್ ಮೆಷಿನ್ ಇತ್ತು. ಚೀಟಿಯಲ್ಲಿ ನಾಲ್ಕು ಅಂಕಿಯ ಕೋಡ್ ಕೊಡೋರು, ಒಂದು ಚಕ್ರ ತಿರುಗಿಸಿ ಹೆಸರು ಆರಿಸಬೇಕು, ಕೊನೆಗೆ ಕೆಂಪು ಬಟನ್. ಒತ್ತಿದೆ, ಸ್ಕ್ರೀನ್ ಮೇಲೆ ಅಮೆರಿಕದ ಬಾವುಟ ಬಂತು. ಆಮೇಲೆ ಯಾರು ಏನು ಮಾಡಿದರೂ ಆ ವೋಟು ವಾಪಸ್ ಬರಲ್ಲ.

ನಾಲ್ಕೇ ದಿನ. 20ನೇ ತಾರೀಖು ಶನಿವಾರ ರಾತ್ರಿ ಸೌತ್ ಕೆರೊಲಿನಾ ರಾಜ್ಯದ ಪ್ರೈಮರಿ ಫಲಿತಾಂಶ ನೋಡ್ತಾ ಊಟಕ್ಕೆ ಕೂತಿದ್ವಿ. ಬುಷ್ ವೇದಿಕೆಗೆ ಬಂದು, ಕಣ್ಣು ತುಂಬಿಕೊಂಡು, ಸ್ಪರ್ಧೆಯಿಂದ ಹಿಂದೆ ಸರಿದರು. ಹೆಂಡತಿ ಸಾರಿನ ಸೌಟು ಹಿಡಿದವಳು ಹಾಗೇ ನಿಂತು, "ರೀ, ನೀವು ಇವರಿಗೇ ಅಲ್ವಾ ಹಾಕಿದ್ದು?" ಅಂದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

25ಕ್ಕೆ ಉಳಿದ ಐದು ಜನರ ಡಿಬೇಟ್ ನಡೆದದ್ದು ನಮ್ಮೂರಲ್ಲೇ, ಹ್ಯೂಸ್ಟನ್ ಯೂನಿವರ್ಸಿಟಿಯಲ್ಲಿ. ಅವತ್ತು ರುಬಿಯೊ ಚೆನ್ನಾಗಿ ಮಾತಾಡಿದರು. ಎಳಸು ಅಂದುಕೊಂಡಿದ್ದ ನನಗೇ ಹಿಡಿಸಿದರು, ಆದರೆ ನನ್ನ ಕೈಯಲ್ಲಿ ವೋಟೇ ಇರಲಿಲ್ಲ. ಪ್ರೈಮರಿ ವೋಟಿನ ಮೇಲೆ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸೋ ಪ್ರತಿನಿಧಿಗಳು) ಸಿಗ್ತಾರೆ. ರಾಜ್ಯಮಟ್ಟದ ಡೆಲಿಗೇಟ್‌ಗಳಲ್ಲಿ ಪಾಲು ಸಿಗೋಕೆ 20 ಪರ್ಸೆಂಟ್ ವೋಟು ದಾಟಬೇಕಿತ್ತು, ರುಬಿಯೊ 17.7ಕ್ಕೆ ನಿಂತರು. 155 ಡೆಲಿಗೇಟ್‌ಗಳಲ್ಲಿ ಸಿಕ್ಕಿದ್ದು ಮೂರು. ಬುಷ್‌ಗೆ ಬಿದ್ದ ಮೂವತ್ತು ಸಾವಿರ ಚಿಲ್ಲರೆ ವೋಟು ಪೂರ್ತಿ ಅವರಿಗೆ ಸೇರಿದ್ದರೂ 20 ಆಗುತ್ತಿರಲಿಲ್ಲ, ಲೆಕ್ಕ ಹಾಕಿ ನೋಡಿದ್ದೀನಿ. ಆದರೂ ಸಂಕಟ ಹೋಗಲಿಲ್ಲ.

ಈಗ ನಿಮ್ಮ ಮಾತಿಗೆ ಬರ್ತೀನಿ. "ನವೆಂಬರಿನಲ್ಲಿ ಹಾಕ್ತೀನಿ" ಅನ್ನೋದನ್ನು ನಾನು ಒಪ್ಪಲ್ಲ. 1994ರ ನಂತರ ಟೆಕ್ಸಾಸ್‌ನಲ್ಲಿ ರಾಜ್ಯಮಟ್ಟದ ಒಂದು ಹುದ್ದೆಯನ್ನೂ ಡೆಮಾಕ್ರಟ್‌ಗಳು ಗೆದ್ದಿಲ್ಲ. ಅಂದರೆ ನಮ್ಮಂಥವರ ವೋಟಿಗೆ ಬೆಲೆ ಇರೋದೇ ಮಾರ್ಚ್‌ನ ಪ್ರೈಮರಿಯಲ್ಲಿ. ಒಂದೇ ಬ್ಯಾಲಟ್‌ನಲ್ಲಿ ಬೇರೆ ಹುದ್ದೆಗಳೂ ಇರುತ್ತವೆ, ಮೇಲಿನ ಒಂದು ಹುದ್ದೆಗೆ ನಿಂತವರು ಹಿಡಿಸಲಿಲ್ಲ ಅಂತ ಇಡೀ ಪಟ್ಟಿ ಬಿಡ್ತೀರಾ? ರೈಲ್‌ರೋಡ್ ಕಮಿಷನರ್ ಅಂತ ಒಂದು ಹುದ್ದೆ ಇರುತ್ತೆ. ರೈಲಿಗೂ ಅದಕ್ಕೂ ಸಂಬಂಧ ಇಲ್ಲ, ತೈಲ ಮತ್ತು ಗ್ಯಾಸ್ ನೋಡಿಕೊಳ್ಳೋರು ಅವರು. 2016ರಲ್ಲಿ ಅದಕ್ಕೆ ಏಳು ಜನ ರಿಪಬ್ಲಿಕನ್ನರು ನಿಂತು, ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬರದೆ, ಮೊದಲ ಇಬ್ಬರ ನಡುವಿನ ಎರಡನೇ ಸುತ್ತಿಗೆ, ಅಂದರೆ ಮೇ ತಿಂಗಳ ರನಾಫ್‌ಗೆ ಹೋಯಿತು. ಮಾರ್ಚ್‌ನಲ್ಲಿ 28 ಲಕ್ಷ ಜನ ವೋಟ್ ಹಾಕಿದ್ದರು, ರನಾಫ್‌ಗೆ ಬಂದವರು 4 ಲಕ್ಷವೂ ಇಲ್ಲ, ಗೆದ್ದ ಅಂತರ 2 ಪರ್ಸೆಂಟಿಗಿಂತ ಕಡಿಮೆ. ಮೇಲಿನವರನ್ನು ಬೈದುಕೊಂಡು ಮನೆಯಲ್ಲಿ ಕೂತ ನಮ್ಮಂಥವರು ಹೋಗಿದ್ದರೆ ಅದು ಯಾವ ಕಡೆ ಬೇಕಾದರೂ ತಿರುಗಬಹುದಿತ್ತು.

ಹೋಗಿ, ಆದರೆ ಮೊದಲ ದಿನ ಬೇಡ. ನಾನು ಈಗ ಅರ್ಲಿ ವೋಟಿಂಗ್‌ನ ಕೊನೆಯ ಶುಕ್ರವಾರ ಹೋಗ್ತೀನಿ. ಹಿಂದಿನ ರಾತ್ರಿ ಕೌಂಟಿಯ ಸೈಟಿನಿಂದ ಸ್ಯಾಂಪಲ್ ಬ್ಯಾಲಟ್ (ಮಾದರಿ ಮತಪತ್ರ) ತೆಗೆದು, ನಾನು ಹಾಕಬೇಕಾದವರ ಹೆಸರನ್ನೆಲ್ಲ ಕೈಯಲ್ಲಿ ಬರೆದುಕೊಳ್ತೀನಿ. ಒಳಗೆ ಫೋನ್ ತೆಗೆಯೋಕೆ ಬಿಡಲ್ಲ, ಪೇಪರ್‌ಗೆ ಅಡ್ಡಿ ಇಲ್ಲ.